‘ಸೂಪರ್‌ಬ್ಯಾಡ್’: ಪೋಲಿ ಜೋಕು ಕೇಳೋಕೆ ಕೂತವರು ಕೊನೆಗೆ ಯಾಕೆ ಸುಮ್ಮನಾಗ್ತಾರೆ?

ಕೊನೆಬೆಂಚು (ಭಾನುವಾರ, ಬೆಳಿಗ್ಗೆ 10:20)

ನಿನ್ನೆ ರಾತ್ರಿ ಚಿಕ್ಕಪ್ಪನ ಮಗ ಮತ್ತು ಅವನ ಇಬ್ಬರು ದೋಸ್ತರು ನನ್ನ ರೂಮಿಗೆ ಬಂದಿದ್ದರು. ಮೂವರೂ ಇಲ್ಲೇ ದಾವಣಗೆರೆಯಲ್ಲಿ ಕೊನೆ ವರ್ಷದ ಇಂಜಿನಿಯರಿಂಗ್. ಇನ್ನೊಂದು ತಿಂಗಳಿಗೆ ಒಬ್ಬ ಬೆಂಗಳೂರು, ಒಬ್ಬ ಹೈದರಾಬಾದ್, ಒಬ್ಬನಿಗೆ ಇನ್ನೂ ಕೆಲಸ ಇಲ್ಲ. ಏನಾದ್ರೂ ಕಾಮಿಡಿ ಹಾಕಣ್ಣ ಅಂದರು. ‘ಸೂಪರ್‌ಬ್ಯಾಡ್’ ಹಾಕಿದೆ. 2007ರ ಸಿನಿಮಾ, ಗ್ರೆಗ್ ಮೊಟೊಲಾ ನಿರ್ದೇಶನ. ನನಗೆ ಇದು ನಾಲ್ಕನೇ ಸಲ.

ನೋಡದವರಿಗೆ ಕಥೆ ಹೇಳಿಬಿಡ್ತೀನಿ. ಸೇತ್, ಇವಾನ್ ಅಂತ ಇಬ್ಬರು ಹುಡುಗರು. ಚಿಕ್ಕಂದಿನಿಂದ ಜೊತೆ. ಸ್ಕೂಲು ಮುಗೀತಾ ಇದೆ, ಕಾಲೇಜು ಬೇರೆ ಬೇರೆ ಊರಲ್ಲಿ. ಒಂದು ಪಾರ್ಟಿಗೆ ಎಣ್ಣೆ ತಂದುಕೊಡ್ತೀವಿ ಅಂತ ಹುಡುಗಿಯರ ಮುಂದೆ ಜಂಬ ಕೊಚ್ಚಿಕೊಂಡು ಬಂದಿರುತ್ತಾರೆ. ಅಲ್ಲಿ 21 ತುಂಬದೆ ಬಾಟಲಿ ಮುಟ್ಟುವ ಹಾಗಿಲ್ಲ. ಅದಕ್ಕೆ ಫೊಗೆಲ್ ಅನ್ನೋ ಮೂರನೇ ಹುಡುಗ ಹವಾಯಿ ರಾಜ್ಯದ ನಕಲಿ ಲೈಸೆನ್ಸ್ ಮಾಡಿಸಿಕೊಂಡು ಬರ್ತಾನೆ. ಅದರಲ್ಲಿ ಹೆಸರು ಬರೀ ‘ಮೆಕ್‌ಲವಿನ್’. ಅಪ್ಪನ ಹೆಸರಿಲ್ಲ, ಇನಿಷಿಯಲ್ ಇಲ್ಲ, ಅಷ್ಟೇ. ಇಡೀ ಸಿನಿಮಾ ಒಂದು ಹಗಲು, ಒಂದು ರಾತ್ರಿಯ ಪರದಾಟ.

ಮಾತು ಅಂದ್ರೆ ಹೊಲಸು. ಸುಳ್ಳು ಹೇಳಲ್ಲ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗಿನ ಮನೆಯವರು ಎರಡು ಸಲ ಬಾಗಿಲು ತಟ್ಟಿದರು. ಆದರೆ ಕೊನೆಗೆ ಆ ಮಾಲ್‌ನ ಎಸ್ಕಲೇಟರ್ ಸೀನ್ ಬರುತ್ತಲ್ಲ, ಒಬ್ಬ ಕೆಳಗೆ ಹೋಗ್ತಾ ಹೋಗ್ತಾ ತಿರುಗಿ ನೋಡ್ತಾನಲ್ಲ, ಅಲ್ಲಿ ರೂಮಲ್ಲಿ ಒಂದು ಮಾತಿಲ್ಲ. ಮಂಡಕ್ಕಿ ಜಗಿಯೋ ಸದ್ದೂ ನಿಂತುಹೋಯಿತು. ಸಿನಿಮಾ ಮುಗಿದ ಮೇಲೆ ತಮ್ಮ ಕೇಳಿದ, “ಅಣ್ಣ, ಕಾಮಿಡಿ ಅಂದಿದ್ಯಲ್ಲ?”

ನನ್ನ ವಾದ ಇಷ್ಟೇ. ಇದರಲ್ಲಿ ಪೋಲಿತನ ಒಂದು ಕಡೆ, ಸೆಂಟಿಮೆಂಟ್ ಒಂದು ಕಡೆ ಅಂತ ಇಲ್ಲ. ‘ನೀನು ಹೋದರೆ ನನಗೆ ಯಾರೂ ಇಲ್ಲ’ ಅನ್ನೋಕೆ ಬಾರದ ಹುಡುಗ ಆ ಜಾಗದಲ್ಲಿ ಹೊಲಸು ಮಾತಾಡ್ತಾನೆ. ನಿಮಗೆ ಏನನ್ಸುತ್ತೆ?

---

ಹದಡಿರೋಡ್ (10:51)

ನನಗೆ ಅನಿಸೋದು, ನೀವು ಜಾಸ್ತಿ ಯೋಚನೆ ಮಾಡ್ತೀರಿ ಅಂತ.

ನಾನೂ ಹಾಕಿದ್ದೆ ಈ ಸಿನಿಮಾ. 20 ನಿಮಿಷಕ್ಕೆ ಬಂದ್ ಮಾಡಿದೆ. ಬಾಯಿ ಬಿಟ್ಟರೆ ಅದೇ. ಕೊನೆಗೆ ಅಳಿಸಿದ ತಕ್ಷಣ ಎಲ್ಲ ಸರಿ ಹೋಯ್ತಾ? ನಮ್ಮಲ್ಲೂ ಇದೇ ಫಾರ್ಮುಲಾ ಉಂಟಲ್ಲ, ಎರಡು ಗಂಟೆ ಡಬಲ್ ಮೀನಿಂಗ್, ಕೊನೆ ಹತ್ತು ನಿಮಿಷ ತಾಯಿ ಸೆಂಟಿಮೆಂಟ್. ವರ್ಷವೆಲ್ಲ ಬೇಕಾದ್ದು ಮಾಡಿ ಜಾತ್ರೆ ದಿನ ದುರ್ಗಮ್ಮನಿಗೆ ಕಾಯಿ ಒಡೆದ ಹಾಗೆ.

---

ಮಿರ್ಚಿಮಂಡಕ್ಕಿ (10:58)

ದುರ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಣ್ಣ. ಅಂದ್ರೆ ಲೆಕ್ಕಕ್ಕೆ ಒಂದು ಕಾಯಿಗೆ ಎರಡು ವರ್ಷ ಫ್ರೀ. 😄

ಕೊನೆಬೆಂಚು, ಮೆಕ್‌ಲವಿನ್ ವಿಷಯ ಬಿಡಿಸಿ ಬರೀರಿ. ಆ ಸೀನ್‌ಗೇ ನಾನು ಸಿನಿಮಾ ನೋಡಿದ್ದು. ಇವಾನ್ ಕೇಳ್ತಾನಲ್ಲ, ಒಂದೇ ಹೆಸರು ಇಟ್ಟುಕೊಂಡು ಬಂದಿದ್ದೀಯಲ್ಲ, ನೀನೇನು ಗಾಯಕನಾ ಅನ್ನೋ ಧಾಟಿಯಲ್ಲಿ. ನಮ್ಮ ಕ್ಲಾಸಲ್ಲಿ ಒಬ್ಬನಿಗೆ ಇವತ್ತಿಗೂ ಅದೇ ಹೆಸರು. ಅವನ ಮದುವೆ ಫ್ಲೆಕ್ಸ್ ಮೇಲೂ ಹಾಕಿಸಿದ್ವಿ. ಹುಡುಗಿ ಕಡೆಯವರು ಅದೇನು ಮನೆದೇವರ ಹೆಸರಾ ಅಂತ ಕೇಳಿದರು.

---

ಕೊನೆಬೆಂಚು (11:15)

@ಹದಡಿರೋಡ್, 20 ನಿಮಿಷಕ್ಕೆ ನಿಲ್ಲಿಸಿದರೆ ಬೆಣ್ಣೆ ದೋಸೆಯಲ್ಲಿ ಬರೀ ಅಂಚು ತಿಂದು ಎದ್ದ ಹಾಗೆ.

ತಾಯಿ ಸೆಂಟಿಮೆಂಟ್ ಮಾತು ಒಪ್ಪುತ್ತೀನಿ. ಅಲ್ಲಿ ಅಳು ಹೊರಗಿನಿಂದ ಬರುತ್ತೆ. ಇದ್ದಕ್ಕಿದ್ದ ಹಾಗೆ ಆಸ್ಪತ್ರೆ, ಆಕ್ಸಿಡೆಂಟ್, ವೀಣೆ. ಇಲ್ಲಿ ಹಾಗಲ್ಲ. ಇವಾನ್‌ಗೆ ಸೀಟು ಸಿಕ್ಕಿರೋದು ಡಾರ್ಟ್‌ಮತ್‌ನಲ್ಲಿ, ಸೇತ್‌ಗೆ ಸಿಕ್ಕಿಲ್ಲ. ಇದು ಶುರುವಿನಲ್ಲೇ ಗೊತ್ತಾಗುತ್ತೆ. ಆದರೆ ಇಬ್ಬರೂ ಆ ಬಗ್ಗೆ ಮಾತಾಡಲ್ಲ. ಮಧ್ಯದಲ್ಲಿ ಸೇತ್‌ಗೆ ಇನ್ನೊಂದು ವಿಷಯ ತಿಳಿಯುತ್ತೆ. ಅಲ್ಲಿ ಇವಾನ್ ರೂಮ್ ಮಾಡ್ತಿರೋದು ಆ ಫೊಗೆಲ್ ಜೊತೆ, ಮತ್ತು ಅದನ್ನ ಮುಚ್ಚಿಟ್ಟಿದ್ದಾನೆ. ಆಗ ಆಗೋ ಜಗಳ ನೋಡಬೇಕು. ಅಲ್ಲಿಯವರೆಗೆ ಆಡಿದ ಅಷ್ಟೂ ಪೋಲಿ ಮಾತು ಯಾತಕ್ಕೆ ಅಂತ ಅಲ್ಲಿ ಗೊತ್ತಾಗುತ್ತೆ. ಎಣ್ಣೆ, ಪಾರ್ಟಿ, ಹುಡುಗಿ ಎಲ್ಲ ನೆಪ.

ಇನ್ನೊಂದು. ಇದನ್ನ ಬರೆದವರು ಸೇತ್ ರೋಗನ್ ಮತ್ತು ಇವಾನ್ ಗೋಲ್ಡ್‌ಬರ್ಗ್. ಹೆಸರು ನೋಡಿ, ತಮ್ಮ ಹೆಸರೇ ಪಾತ್ರಗಳಿಗೆ. ಕೆನಡಾದ ವ್ಯಾಂಕೂವರ್ ಹುಡುಗರು. 13ರ ವಯಸ್ಸಿಗೇ ಬರೆಯೋಕೆ ಕೂತಿದ್ದರು. ಸಿನಿಮಾ ಆಗೋ ಹೊತ್ತಿಗೆ ರೋಗನ್‌ಗೆ ವಯಸ್ಸು ಮೀರಿತ್ತು, ಅದಕ್ಕೆ ಸೇತ್ ಪಾತ್ರ ಜೋನಾ ಹಿಲ್‌ಗೆ ಹೋಯಿತು, ಇವನು ಪೊಲೀಸ್ ಪಾತ್ರಕ್ಕೆ ಹೋದ. ಹಂಗಾಗಿ ಇದು ದೊಡ್ಡವರು ಕೂತು ಹುಡುಗರು ಹೀಗೆ ಮಾತಾಡಬಹುದು ಅಂತ ಊಹಿಸಿ ಬರೆದಿದ್ದಲ್ಲ. ಕೊನೆ ಬೆಂಚಿನಲ್ಲಿ ಕೂತೇ ಬರೆದಿದ್ದು.

---

ನಾಟಕದ ಪರದೆ (ಮಧ್ಯಾಹ್ನ 12:40)

ನಾನು ನಿಮ್ಮ ಇಂಗ್ಲಿಷ್ ಪಿಕ್ಚರ್ ನೋಡಿಲ್ಲ. ನನ್ನ ವಯಸ್ಸು 61. ಆದರೆ ‘ಪೋಲಿ ಮಾತು, ಹಿಂದೆನೇ ಕಣ್ಣೀರು’ ಅಂದ್ರಲ್ಲ, ಅದನ್ನ ದಾವಣಗೆರೆಯವರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ.

ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಚಿಂದೋಡಿ ವೀರಪ್ಪನವರದು, ಆಮೇಲೆ ಲೀಲಾ ಅವರು. ನಾನು ಹುಡುಗನಿದ್ದಾಗ ಟೆಂಟಿನ ಹಿಂದೆ ತಗಡು ಎತ್ತಿ ನುಸುಳಿ ನಾಟಕ ನೋಡಿದ್ದೇನೆ. ಯಾವ ಕಂಪನಿ ನಾಟಕವಾದರೂ ಲೆಕ್ಕ ಒಂದೇ. ಅತ್ತೆ ಮನೆಯಲ್ಲಿ ಸೊಸೆ ಗೋಳು ಒಂದು ಸೀನು. ಪರದೆ ಬಿತ್ತು. ಹಾರ್ಮೋನಿಯಂ ಧಾಟಿ ಬದಲಾಯಿತು. ಕಾಮಿಡಿ ಜೋಡಿ ಬಂತು. ಆ ಮಾತು ಮನೆಯಲ್ಲಿ ಹೇಳೋ ಹಾಗಿಲ್ಲ. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗ್ತಿದ್ದರು. ಮತ್ತೆ ಪರದೆ, ಮತ್ತೆ ಸೊಸೆ, ಅದೇ ಸೆರಗು ಈಗ ಕಣ್ಣಿಗೆ.

ಒಂದು ಸಲ ಕಾಮಿಡಿ ಮಾಡೋ ನಟರೊಬ್ಬರು ಚಹಾ ಕುಡೀತಾ ಕೂತಿದ್ದಾಗ ಧೈರ್ಯ ಮಾಡಿ ಕೇಳಿದ್ದೆ, ಇಷ್ಟೊಂದು ಹೇಳ್ತೀರಲ್ಲ, ಜನ ಯಾಕೆ ಹೊಡೆಯಲ್ಲ ಅಂತ. ಮಾತು ಬೀಳಬೇಕಾದ್ದು ನನ್ನ ಮೇಲೆ ಕಣಪ್ಪ, ಎದುರಿನವರ ಮೇಲೆ ಬಿದ್ದ ದಿನ ಚಪ್ಪಲಿ ಬರುತ್ತೆ ಅಂದರು. ಹೇಳಿ ಬನ್ ಅದ್ದಿಕೊಂಡು ತಿಂದರು.

ಕಾಶಿನಾಥ್ ‘ಅನುಭವ’ ಅಂತ 1984ರಲ್ಲಿ ಮಾಡಿದರಲ್ಲ, ಆಗಲೂ ಹಿಂಗೇ ಗಲಾಟೆ. ಉಮಾಶ್ರೀ ಆ ಪಿಕ್ಚರ್‌ನಲ್ಲಿ ಮಾಡಿದ ಪಾತ್ರ ನೋಡಿ ಮೂಗು ಮುರಿದವರು ಎಷ್ಟು ಜನ! ಅದೇ ಉಮಾಶ್ರೀಗೆ ಮುಂದೆ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರ ಪ್ರಶಸ್ತಿ ಬಂತು. ನಗಿಸೋಕೆ ಬಂದವರಿಗೆ ಅಳಿಸೋದು ದೊಡ್ಡ ಕಷ್ಟವಲ್ಲ. ಉಲ್ಟಾ ಆಗೋದು ಕಮ್ಮಿ.

---

ಮಿರ್ಚಿಮಂಡಕ್ಕಿ (12:52)

ಸರ್, ಚಹಾದಲ್ಲಿ ಬನ್ ಅದ್ದಿದ್ದಾ? ದಾವಣಗೆರೆಯಲ್ಲಿ? ಮಂಡಕ್ಕಿ ಮಿರ್ಚಿ ಬಿಟ್ಟು?

ನಾಟಕದ ಪರದೆ (12:55)

ಅವರು ಹುಬ್ಬಳ್ಳಿ ಕಡೆಯವರು. ಕ್ಷಮಿಸು.

---

ಕೋಟೆಮೇಲಿನ ಗಾಳಿ (ಮಧ್ಯಾಹ್ನ 2:10)

ಪರದೆ ಸರ್ ಹೇಳಿದ ಮಾತೇ ನನ್ನ ಅಳತೆಗೋಲು. ಮಾತು ಯಾರ ಮೇಲೆ ಬೀಳುತ್ತೆ?

ನಮ್ಮ ಕಾಲೇಜು ಸಿನಿಮಾಗಳಲ್ಲಿ ಬಹಳ ಸಲ ಅದು ಹುಡುಗಿ ಮೇಲೆ, ಇಲ್ಲಾಂದ್ರೆ ಲೇಡಿ ಲೆಕ್ಚರರ್ ಮೇಲೆ, ದಪ್ಪಗಿರೋರ ಮೇಲೆ ಬೀಳುತ್ತೆ. ಥಿಯೇಟರ್‌ನಲ್ಲಿ ಸುತ್ತ ಎಲ್ಲರೂ ಶಿಳ್ಳೆ ಹೊಡೆಯುವಾಗ ನಾವು ನಾಲ್ಕು ಜನ ಹುಡುಗಿಯರು ಮೊಬೈಲ್ ನೋಡ್ತಾ ಕೂತಿರ್ತೀವಿ. ಯಾವ ಸಿನಿಮಾ ಅಂತ ಹೇಳಲ್ಲ, ಜಗಳ ಆಗುತ್ತೆ.

‘ಸೂಪರ್‌ಬ್ಯಾಡ್’ನಲ್ಲಿ ಹುಡುಗಿಯರಿಗೆ ಹೆಚ್ಚು ಕೆಲಸವೇ ಇಲ್ಲ. ಅದು ನನ್ನ ತಕರಾರು, ಮೊದಲೇ ಹೇಳಿಬಿಡ್ತೀನಿ. ಆದರೆ ಇರೋ ಸ್ವಲ್ಪದರಲ್ಲಿ ಜೂಲ್ಸ್ ನನಗೆ ಇಷ್ಟ. ಎಮ್ಮಾ ಸ್ಟೋನ್ ಮಾಡಿದ್ದು, ಆಕೆಯ ಮೊದಲ ಸಿನಿಮಾ. ರಾತ್ರಿಯಿಡೀ ಸೇತ್ ಏಟು ತಿಂದು, ಓಡಿ, ಬಿದ್ದು ಎಣ್ಣೆ ತರ್ತಾನೆ. ಯಾಕೆ? ಅವಳು ಕುಡಿದಿದ್ರೆ ತನ್ನನ್ನ ಒಪ್ಪಬಹುದು ಅಂತ. ಅವಳು ನೋಡಿದ್ರೆ ಕುಡಿಯೋದೇ ಇಲ್ಲ! ನೀನು ಈಗ ಕುಡಿದಿದ್ದೀಯ, ಈಗ ಬೇಡ ಅಂತ ನಿಧಾನಕ್ಕೆ ಹೇಳ್ತಾಳೆ. ಅವನು ಅತ್ತು, ತೂಕಡಿಸಿ, ಮುಂದಕ್ಕೆ ವಾಲಿ ಅವಳ ಮುಖಕ್ಕೆ ತಲೆ ಗುದ್ದಿ ಬೀಳ್ತಾನೆ. ಮಾರನೇ ದಿನ ಅವಳ ಕಣ್ಣು ಕಪ್ಪಾಗಿರುತ್ತೆ. ಮಾಲ್‌ನಲ್ಲಿ ಅವಳ ಜೊತೆ ಹೋಗಿ ಆ ಕಪ್ಪು ಮುಚ್ಚೋ ಮೇಕಪ್ ಹುಡುಕ್ತಾನೆ. ಎಸ್ಕಲೇಟರ್ ಸೀನ್ ಅಂತ ಎಲ್ಲರೂ ಹೇಳ್ತೀರಿ. ಅದರಲ್ಲಿ ಅವಳ ಮುಖದ ಮೇಲೆ ಇನ್ನೂ ಆ ಗಾಯ ಇದೆ ಅನ್ನೋದು ಎಷ್ಟು ಜನ ನೋಡಿದ್ದೀರಿ?

ಇವಾನ್ ಕಡೆಯೂ ಅಷ್ಟೇ. ಬೆಕ್ಕಾ ಚೆನ್ನಾಗಿ ಕುಡಿದಿರ್ತಾಳೆ, ಅವನು ಹಿಂದೆ ಸರಿಯುತ್ತಾನೆ. ಆ ಕಾಲದ ಇಂಥ ಸಿನಿಮಾದಲ್ಲಿ ಇದು ಸಣ್ಣ ವಿಷಯ ಅಲ್ಲ.

ಹುಡುಗಿಯರದ್ದೇ ಬೇಕು ಅಂದ್ರೆ 2019ರ ‘ಬುಕ್‌ಸ್ಮಾರ್ಟ್’ ನೋಡಿ. ಒಲಿವಿಯಾ ವೈಲ್ಡ್ ನಿರ್ದೇಶನ. ಪೂರ್ತಿ ಓದಿ ಓದಿ ಸಾಯೋ ಇಬ್ಬರು ಹುಡುಗಿಯರು, ಸ್ಕೂಲಿನ ಕೊನೆ ರಾತ್ರಿ. ಅದರಲ್ಲಿ ಮಾಡಿದ ಬೀನಿ ಫೆಲ್ಡ್‌ಸ್ಟೈನ್, ಜೋನಾ ಹಿಲ್‌ನ ಸ್ವಂತ ತಂಗಿ. ಒಂದೇ ಮನೆಯಲ್ಲಿ ಅಣ್ಣನಿಗೊಂದು ಪೋಲಿ ಸಿನಿಮಾ, ತಂಗಿಗೊಂದು. ನಮ್ಮ ಮನೆಯಲ್ಲಿ ಅಣ್ಣನಿಗೆ ಮಾತ್ರ.

---

ಹದಡಿರೋಡ್ (2:34)

ಮೇಡಂ, ಆ ಕಣ್ಣಿನ ಗಾಯದವರೆಗೆ ನಾನು ಹೋಗಲೇ ಇಲ್ಲ. ಇವತ್ತು ಪೂರ್ತಿ ನೋಡ್ತೀನಿ. ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಮನೆಯವರ ಜೊತೆ ಕೂತು ನೋಡೋಕೆ ಆಗುತ್ತಾ? ಆಗಲ್ಲ ಅಂದ್ಮೇಲೆ ಅದು ಎಂಥಾ ಒಳ್ಳೆ ಸಿನಿಮಾ?

---

ಪಿಯುಸಿ ಮೇಷ್ಟ್ರು (ಸಂಜೆ 4:05)

ಮನೆಯವರ ಜೊತೆ ಕೂತು ನೋಡೋಕೆ ಆಗದೇ ಇರೋದು ಬೇಕಾದಷ್ಟಿವೆ. ಮಗನ ಮಾರ್ಕ್ಸ್ ಕಾರ್ಡ್ ಕೂಡ.

ಅಮೆರಿಕದಲ್ಲಿ ಈ ಸಿನಿಮಾಗೆ ಕೊಟ್ಟಿದ್ದು ‘ಆರ್’ ಸರ್ಟಿಫಿಕೇಟ್. ಅಂದ್ರೆ 17ರ ಒಳಗಿನವರು ದೊಡ್ಡವರ ಜೊತೆ ಬರಬೇಕು. ತಮಾಷೆ ನೋಡಿ, ಪರದೆ ಮೇಲಿನ ಹುಡುಗರ ಓರಗೆಯವರೇ ಅದನ್ನ ನೋಡೋಕೆ ಅಪ್ಪನನ್ನ ಕರ್ಕೊಂಡು ಬರಬೇಕು. ನಮ್ಮಲ್ಲಿ ‘ಎ’ ಅಂದ್ರೆ 18ರ ಒಳಗೆ ಬಾಗಿಲೇ ಇಲ್ಲ, ಅಪ್ಪ ಬಂದರೂ ಇಲ್ಲ. 2024ರ ನಿಯಮದಿಂದ ‘ಯುಎ’ಯನ್ನ 7, 13, 16 ಅಂತ ಮೂರು ಮಾಡಿದ್ದಾರೆ. ನನ್ನ ಕ್ಲಾಸಿನ ಮಕ್ಕಳಿಗೆ 16, 17. ಅವರ ಬಗ್ಗೆ ತೆಗೆದ ಸಿನಿಮಾ ಅವರು ನೋಡೋ ಹಾಗಿಲ್ಲ, ಆದರೆ ಕಾರಿಡಾರ್‌ನಲ್ಲಿ ಅವರು ಆಡೋ ಮಾತು ಕೇಳಿದರೆ ಸೆನ್ಸಾರ್‌ನವರು ರಾಜೀನಾಮೆ ಕೊಡ್ತಾರೆ.

ಅಪ್ಪನ ಮಾತು ಬಂತಲ್ಲ, 1999ರ ‘ಅಮೆರಿಕನ್ ಪೈ’ ನೆನಪಾಯಿತು. ಅದರಲ್ಲಿ ಬಹಳಷ್ಟು ಜೋಕು ಇವತ್ತು ನೋಡಿದರೆ ಹೇಸಿಗೆ. ಹುಡುಗಿಯೊಬ್ಬಳನ್ನ ಗೊತ್ತಿಲ್ಲದಂತೆ ಕ್ಯಾಮೆರಾದಲ್ಲಿ ತೋರಿಸೋದನ್ನ ಕಾಮಿಡಿ ಅಂತ ಮಾಡಿದ್ದಾರೆ. ಅದು ಕಾಮಿಡಿ ಅಲ್ಲ, ಕೇಸು. ಆದರೆ ಯೂಜೀನ್ ಲೆವಿ ಮಾಡಿದ ಅಪ್ಪನ ಪಾತ್ರ ಮಾತ್ರ ಹಳೇದಾಗಿಲ್ಲ. ಮಗ ಮಾನ ಹೋಗೋ ಸ್ಥಿತಿಯಲ್ಲಿ ಸಿಕ್ಕಿಬೀಳ್ತಾನೆ. ಅಪ್ಪ ಬೈಯಲ್ಲ. ಪಕ್ಕದಲ್ಲಿ ಕೂತು, ತಡವರಿಸಿ, ಬೆವೆತು, ಏನೋ ಹೇಳೋಕೆ ಒದ್ದಾಡ್ತಾನೆ. ನಗು ಬರೋದು ಆ ಒದ್ದಾಟಕ್ಕೆ. ನಮ್ಮಲ್ಲಿ ಅಂಥ ಸೀನ್ ಟಿವಿಯಲ್ಲಿ ಬಂದರೆ ಅಪ್ಪ ‘ಮೋಟರ್ ಆಫ್ ಮಾಡಿದ್ನಾ ನೋಡ್ತೀನಿ’ ಅಂತ ಎದ್ದು ಹೋಗ್ತಾನೆ. ನಾನೂ ಹಾಗೆ ಎದ್ದು ಹೋದವನೇ. ನಮ್ಮ ಮನೆಯಲ್ಲಿ ಮೋಟರ್ ಇಲ್ಲ.

---

ಮಿರ್ಚಿಮಂಡಕ್ಕಿ (4:09)

ಮೇಷ್ಟ್ರೇ 🙏🙏 ಮೋಟರ್!

---

ಬೆಣ್ಣೆಖಾಲಿ (4:30)

ಕನ್ನಡದಲ್ಲಿ ಯಾಕೆ ಆಗಲ್ಲ ಅಂತೀರಿ? ‘ಕಿರಿಕ್ ಪಾರ್ಟಿ’ 2016ರಲ್ಲಿ ಬಂತು, ಹಾಸನದ ಇಂಜಿನಿಯರಿಂಗ್ ಕಾಲೇಜು, ನಗಿಸಿ ಅಳಿಸಿತು. 2023ರಲ್ಲಿ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಬಂತು, ವಾರ್ಡನ್ ಸತ್ತ ಒಂದು ರಾತ್ರಿಯ ಕಥೆ, ಹೊಸ ಹುಡುಗರೇ ತುಂಬಿದ್ದರು. ಹಾಸನಕ್ಕೆ ಸಿನಿಮಾ ಸಿಕ್ಕಿತು. ದಾವಣಗೆರೆಯಲ್ಲಿ ಇಷ್ಟೊಂದು ಕಾಲೇಜು, ಇಷ್ಟೊಂದು ಹಾಸ್ಟೆಲ್, ನಮಗೆ ಯಾವಾಗಲೂ ಒಂದು ಶಾಟ್ ದೋಸೆ ಹುಯ್ಯೋದು ಅಷ್ಟೇ.

ಅಂದಹಾಗೆ ಖಾಲಿ ದೋಸೆ, ಬೆಣ್ಣೆ ದೋಸೆ ಎರಡರಲ್ಲಿ ನಿಜವಾದ...

ನಿರ್ವಾಹಕ (4:31)

ದೋಸೆಗೆ ಬೇರೆ ಎಳೆ ಇದೆ. ಅಲ್ಲಿ ಈಗಾಗಲೇ 340 ಉತ್ತರ ಬಂದಿವೆ, ಇಬ್ಬರನ್ನ ಹೊರಗೆ ಹಾಕಿದ್ದೇನೆ. ಇಲ್ಲಿ ಸಿನಿಮಾ ಮಾತಾಡಿ. ಬೈಗುಳ ಉದಾಹರಣೆ ಕೊಡೋರು ಚುಕ್ಕಿ ಹಾಕಿ ಬರೆಯಿರಿ, ಇಲ್ಲಾಂದ್ರೆ ತೆಗೀತೀನಿ.

---

ಸಬ್‌ಟೈಟಲ್ ಸಂಕಟ (ಸಂಜೆ 6:15)

ಒಂದು ಸಹಾಯ ಬೇಕು. ನಾನು ಸುಮ್ನೆ ಹವ್ಯಾಸಕ್ಕೆ ಈ ಸಿನಿಮಾದ ಕೆಲವು ಸೀನಿಗೆ ಕನ್ನಡ ಸಬ್‌ಟೈಟಲ್ ಬರೀತಿದ್ದೀನಿ, ನಮ್ಮಮ್ಮನ ತಮ್ಮನಿಗೆ ಇಂಗ್ಲಿಷ್ ಓಟಕ್ಕೆ ಸಿಗಲ್ಲ ಅಂತ. ಬೈಗುಳ ಕಷ್ಟವಾಗಲಿಲ್ಲ. ನಮ್ಮಲ್ಲಿ ಸ್ಟಾಕ್ ಜಾಸ್ತಿ ಇದೆ. ‘ಲೇ’ ಒಂದಕ್ಕೇ ಎಷ್ಟು ಬಣ್ಣ! ಸಿಟ್ಟಿಗೂ ಲೇ, ಪ್ರೀತಿಗೂ ಲೇ, ಸಾಲ ಕೇಳೋಕೂ ಲೇ.

ಸಿಕ್ಕಿಹಾಕಿಕೊಂಡಿರೋದು ಬೇರೆ ಕಡೆ. ಪಾರ್ಟಿಗೆ ಪೊಲೀಸ್ ಬರ್ತಾರೆ, ಸೇತ್ ಇವಾನ್‌ನನ್ನ ಎತ್ತಿಕೊಂಡು ಓಡ್ತಾನೆ. ಆಮೇಲೆ ಮನೆಯಲ್ಲಿ ಇಬ್ಬರೂ ನೆಲದ ಮೇಲೆ ಸ್ಲೀಪಿಂಗ್ ಬ್ಯಾಗ್‌ನಲ್ಲಿ ಮಲಗಿರ್ತಾರೆ. ಅಲ್ಲಿ ಒಬ್ಬರಿಗೊಬ್ಬರು ‘ಐ ಲವ್ ಯು’ ಅಂತಾರೆ. ಗೆಳೆಯ ಗೆಳೆಯನಿಗೆ. ಅದನ್ನ ಕನ್ನಡದಲ್ಲಿ ಏನಂತ ಹಾಕಲಿ? ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಹಾಕಿದೆ. ಮಾವ ಬಿದ್ದು ಬಿದ್ದು ನಕ್ಕ. ಸೀನ್ ಹಾಳಾಯಿತು.

---

ಪಿಯುಸಿ ಮೇಷ್ಟ್ರು (6:22)

‘ನೀನಂದ್ರೆ ಇಷ್ಟ ಕಣೋ’?

ಬೆಣ್ಣೆಖಾಲಿ (6:24)

ಅದು ಪ್ರೇಮ ಪತ್ರ ಆಯ್ತು ಮೇಷ್ಟ್ರೇ. ‘ನೀನು ನನ್ ಪ್ರಾಣ ಕಣಲೇ’ ಹಾಕಿ.

ಹದಡಿರೋಡ್ (6:31)

ಪ್ರಾಣ, ಜೀವ ಎಲ್ಲ ಆಟೋ ಹಿಂದೆ ಬರೆಸೋದು.

ಮಿರ್ಚಿಮಂಡಕ್ಕಿ (6:33)

‘ಉಂಡ್ಯೇನಲೇ?’

ಸಬ್‌ಟೈಟಲ್ ಸಂಕಟ (6:40)

ಮಿರ್ಚಿ, ತಮಾಷೆಗೆ ಹೇಳಿದ್ದೀರಿ ಅಂತ ಗೊತ್ತು. ಆದರೂ ಹಾಕಿ ನೋಡಿದೆ. ಮೂಲದ ಅರ್ಥ ಅಂತೂ ಇಲ್ಲವೇ ಇಲ್ಲ. ಮಾವ ಈ ಸಲ ನಗಲಿಲ್ಲ. “ಹೂಂ, ಈಗ ಸರಿ ಆತು” ಅಂದ.

---

ಕೋಟೆಮೇಲಿನ ಗಾಳಿ (7:05)

ಇದಕ್ಕೆ ಒಂದು ಸೇರಿಸ್ತೀನಿ. ನಾನು ದಿನಾ ಚಿತ್ರದುರ್ಗದಿಂದ ದಾವಣಗೆರೆಗೆ ಬಸ್ಸಲ್ಲಿ ಓಡಾಡ್ತೀನಿ, 60 ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ಡಿಪ್ಲೊಮಾ ಹುಡುಗರ ಒಂದು ಗುಂಪು. ಅವರ ಮಾತು ಕೇಳಿಸಬಾರದು ಅಂತಲೇ ಇಯರ್‌ಫೋನ್ ಹಾಕ್ತೀನಿ. ಒಂದು ದಿನ ಚಾರ್ಜ್ ಇರಲಿಲ್ಲ.

ಎಂದಿನ ಹಾಗೆ ಅಮ್ಮ ಅಕ್ಕ ಎಲ್ಲ ಬರುವ ಮಾತು ನಡೀತಿತ್ತು. ಮಧ್ಯೆ ಒಬ್ಬ, ಧ್ವನಿ ಏರಿಸದೆ, ಇಳಿಸದೆ, “ಅಪ್ಪನ್ನ ಮತ್ತೆ ಅಡ್ಮಿಟ್ ಮಾಡಿದಾರೆ ಲೇ” ಅಂದ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಪಕ್ಕದವನು ಅವನಿಗೊಂದು ಕೆಟ್ಟ ಬೈಗುಳ ಬೈದ. ನಿರ್ವಾಹಕರೇ, ಚುಕ್ಕಿ ಹಾಕಿದರೂ ಗೊತ್ತಾಗುತ್ತೆ, ಬಿಡಿ. ಬೈದು, “ನಿನ್ನೆನೇ ಯಾಕ್ ಹೇಳಲಿಲ್ಲ” ಅಂದ. ಮತ್ತೆ ಚೀಲದಿಂದ ಡಬ್ಬಿ ತೆಗೆದ ಸದ್ದು. ಚಿತ್ರಾನ್ನದ ವಾಸನೆ. ಬೆಳಿಗ್ಗೆ ಎಂಟೂ ಕಾಲಿಗೆ ಮಧ್ಯಾಹ್ನದ ಬುತ್ತಿ.

ನಾನು ತಿರುಗಿ ನೋಡಲಿಲ್ಲ.

---

ಹದಡಿರೋಡ್ (ರಾತ್ರಿ 11:48)

ನೋಡಿದೆ. ಪೂರ್ತಿ.

ಆ ಇಬ್ಬರು ಪೊಲೀಸರ ಭಾಗ ಉದ್ದ ಆಯ್ತು. ಅದರಲ್ಲಿ ಕಾಲು ಗಂಟೆ ಕಿತ್ತು ಹಾಕಿದ್ದರೆ ಸಿನಿಮಾಗೆ ಏನೂ ಆಗ್ತಿರಲಿಲ್ಲ. ಸೇತ್ ಚಿಕ್ಕವನಿದ್ದಾಗ ನೋಟ್‌ಬುಕ್ ತುಂಬ ಬಿಡಿಸುತ್ತಿದ್ದ ಆ ಚಿತ್ರಗಳ ಜೋಕು ನನಗೆ ಈಗಲೂ ಬೇಡ. ಮಾತು ಹೊಲಸು ಅನ್ನೋದನ್ನ ವಾಪಸ್ ತಗೊಳ್ಳಲ್ಲ.

ಕಾಯಿ ಒಡೆಯೋ ಮಾತು ಮಾತ್ರ ವಾಪಸ್. ನಮ್ಮ ರೂಮ್‌ಮೇಟ್ ಒಬ್ಬ ಇದ್ದ. ಒಂಬತ್ತು ವರ್ಷ ಆಯ್ತು ಮಾತಾಡಿ. ಜಗಳ ಏನಿಲ್ಲ, ಸುಮ್ನೆ ಹಂಗೇ ಬಿಟ್ಟುಹೋಯಿತು. ಈಗ ಹನ್ನೊಂದು ಮುಕ್ಕಾಲಿಗೆ ಅವನಿಗೆ ಒಂದು ಹೊಲಸು ಮೆಸೇಜ್ ಹಾಕಿದ್ದೀನಿ. ನೀಲಿ ಟಿಕ್ ಬಂದಿದೆ.

---

ಮಿರ್ಚಿಮಂಡಕ್ಕಿ (11:50)

ಉತ್ತರ ಬಂತಾ?

ಹದಡಿರೋಡ್ (11:57)

ಬಂತು. ನನ್ನದಕ್ಕಿಂತ ಹೊಲಸು.

---

ಕೊನೆಬೆಂಚು (ಸೋಮವಾರ, ರಾತ್ರಿ 12:30)

ನಿದ್ದೆ ಬರ್ತಿಲ್ಲ, ಹಾಗಾಗಿ ನಾನು ಈ ಸಿನಿಮಾ ಮೊದಲು ನೋಡಿದ್ದು ಹೇಗೆ ಅಂತ ಹೇಳಿಬಿಡ್ತೀನಿ.

2011. ಡಿಗ್ರಿ ಮುಗಿದಿತ್ತು. ನನ್ನ ದೋಸ್ತನ ಹಳೇ ಕಂಪ್ಯೂಟರ್, ಪೆನ್‌ಡ್ರೈವ್‌ನಲ್ಲಿ ಈ ಸಿನಿಮಾ. ಫ್ಯಾನ್ ಸದ್ದಿಗೆ ಅರ್ಧ ಮಾತು ಕೇಳಿಸಲಿಲ್ಲ. ಕೊನೆ ಸೀನಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಅವನು ‘ಬೋರ್ ಲೇ’ ಅಂದ, ನಾನು ‘ಹೂಂ, ಬೋರ್’ ಅಂದೆ. ಮಾರನೇ ವಾರ ಅವನು ಕೆಲಸಕ್ಕೆ ಅಂತ ಊರು ಬಿಡ್ತಿದ್ದ. ಸಂಜೆ ರೈಲು. ಸ್ಟೇಷನ್‌ಗೆ ಬರ್ತೀನಿ ಅಂದಿದ್ದೆ. ಅವರಮ್ಮ ಡಬ್ಬಿ ಮರೆತಿದ್ದರು, ಅದನ್ನ ತರೋಕೆ ನನ್ನನ್ನೇ ಅಟ್ಟಿದ್ದರು.

ಡಬ್ಬಿ ಹಿಡಿದುಕೊಂಡು ಬರೋ ಹೊತ್ತಿಗೆ ರೈಲ್ವೆ ಗೇಟ್ ಹಾಕಿತ್ತು. ಯಾವ ಗೇಟ್ ಅಂತ ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ಆ ಗೇಟಿನ ಮುಂದೆ ನಿಂತು ಅರ್ಧ ಆಯಸ್ಸು ಕಳೆದವರು ನಾವು. ಹಿಂದೆ ಆಟೋ, ಮುಂದೆ ಮೆಣಸಿನಕಾಯಿ ಚೀಲ ಹೊತ್ತ ಗಾಡಿ, ಪಕ್ಕದಲ್ಲಿ ಸ್ಕೂಲ್ ವ್ಯಾನ್. ಫೋನ್ ಮಾಡಿದೆ, ಎತ್ತಲಿಲ್ಲ. ಅಷ್ಟರಲ್ಲಿ ರೈಲು ಬಂತು. ಆಗಷ್ಟೇ ಸ್ಟೇಷನ್ ಬಿಟ್ಟು ನಿಧಾನಕ್ಕೆ ಬರ್ತಿತ್ತು. ನೋಡ್ತೀನಿ, ಅವನದೇ ರೈಲು.

ಬಾಗಿಲಲ್ಲಿ ನಿಂತಿದ್ದ. ನನ್ನನ್ನ ನೋಡಿದ. ಕೈಯಲ್ಲಿ ಡಬ್ಬಿ ನೋಡಿದ. ನಾನು ಡಬ್ಬಿ ಎತ್ತಿ ಹಿಡಿದೆ, ಯಾಕೆ ಅಂತ ಗೊತ್ತಿಲ್ಲ. ಅವನು ಎರಡೂ ಕೈ ಬಾಯಿಗೆ ಅಡ್ಡ ಇಟ್ಟು ಇಡೀ ಗೇಟಿಗೆ ಕೇಳೋ ಹಾಗೆ ಒಂದು ಮಾತು ಕೂಗಿದ. ಸ್ಕೂಲ್ ವ್ಯಾನಿನ ಮಕ್ಕಳೆಲ್ಲ ಕಿಟಕಿಗೆ ಬಂದರು. ಆಟೋದವನು ನನ್ನನ್ನ ನೋಡಿ, ಯಾರಪ್ಪ ಅವನು ಅಂದ.

ಡಬ್ಬಿಯಲ್ಲಿ ಹೋಳಿಗೆ ಇತ್ತು. ಮನೆಗೆ ಹೋಗಿ ಒಬ್ಬನೇ ತಿಂದೆ.

---

ಸಬ್‌ಟೈಟಲ್ ಸಂಕಟ (12:41)

ಏನು ಕೂಗಿದ?

ಕೊನೆಬೆಂಚು (12:43)

ಬರೆದರೆ ನಿರ್ವಾಹಕರು ತೆಗೀತಾರೆ.

ನಿರ್ವಾಹಕ (12:44)

ಇದೊಂದು ಸಲ ಬರೀರಿ.

ಕೊನೆಬೆಂಚು (12:52)

ಬೇಡ, ಬಿಡಿ.